ಹೊಲದ ಮೂಲೆ, ಅರವತ್ತರಲ್ಲಿ ಒಂದು ಪಾಲು

ನನ್ನ ತಂಗಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಒಂದು ಯಹೂದಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಇದನ್ನು ಕೇಳಿದವರೆಲ್ಲ ಮೊದಲು ಕೇಳುವುದು ಒಂದೇ: "ಅವರ ಧರ್ಮದಾಕಿ ಅಲ್ಲಲ್ಲ, ಹೆಂಗ ತಗೊಂಡ್ರು?" ತಗೊಳ್ಳುತ್ತಾರೆ. ಅಲ್ಲಿ ಪಾಠಗಳು ಎರಡು ಬಗೆ. ಹೀಬ್ರೂ ಭಾಷೆ, ಅವರ ಧರ್ಮಗ್ರಂಥ ತೋರಾ, ಪ್ರಾರ್ಥನೆ, ಹಬ್ಬ ಇವೆಲ್ಲ ಒಂದು ಕಡೆ. ಇಂಗ್ಲಿಷ್, ಗಣಿತ, ವಿಜ್ಞಾನ, ಸಮಾಜ ಇನ್ನೊಂದು ಕಡೆ. ಈ ಎರಡನೇ ಬಗೆಯ ಪಾಠಕ್ಕೆ ಬೇರೆ ಧರ್ಮದ ಟೀಚರುಗಳೂ ಇರುತ್ತಾರೆ.

ನಾನು ಧಾರವಾಡದಲ್ಲಿ ಮಠವೊಂದು ನಡೆಸುವ ಕನ್ನಡ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಐದರಿಂದ ಏಳನೇ ತರಗತಿ. ಧರ್ಮ ಮತ್ತು ಶಾಲೆ ಒಂದೇ ಸೂರಿನಡಿ ಇರುವುದು ನಮ್ಮ ಕಡೆ ಹೊಸದೇನಲ್ಲ. ಮಠಗಳ ಪ್ರಸಾದ ನಿಲಯಗಳಲ್ಲಿ ಉಂಡು ಓದಿದವರು ನಮ್ಮಲ್ಲಿ ಮನೆಗೊಬ್ಬರು ಸಿಗುತ್ತಾರೆ. ಬಾಸೆಲ್ ಮಿಷನ್ ಶಾಲೆಗಳಿವೆ, ಹುಬ್ಬಳ್ಳಿಯಲ್ಲಿ ಅಂಜುಮನ್ ಇದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳು ಸಂಗೀತ ಕಲಿತು ದೊಡ್ಡ ದೊಡ್ಡ ಗವಾಯಿಗಳಾದರು. ನಮ್ಮ ಶಾಲೆಯಲ್ಲೂ ಬೆಳಿಗ್ಗೆ ಪ್ರಾರ್ಥನೆ, ಶನಿವಾರ ವಚನದ ಅವಧಿ. ಮಕ್ಕಳು ಕೈಕಟ್ಟಿ ನಿಂತು ವಚನ ಒಪ್ಪಿಸುತ್ತಾರೆ. ಆಮೇಲೆ ಕುಳಿತುಕೊಂಡು ನನ್ನ ಗಣಿತ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗೆ. ಅದು ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿದ್ದ ವಿಷಯ.

ಹಿಂದಿನ ಬೇಸಿಗೆ ರಜೆಯಲ್ಲಿ ತಂಗಿಯ ಮನೆಗೆ ಹೋಗಿದ್ದೆ. ಮೇ ತಿಂಗಳಲ್ಲಿ ನಮಗೆ ರಜೆ, ಅವರಿಗೆ ಶಾಲೆ. ಮುಖ್ಯಸ್ಥರು ಒಪ್ಪಿದರು. ನಾಲ್ಕನೇ ತರಗತಿಯ ಹಿಂದಿನ ಕುರ್ಚಿಯಲ್ಲಿ ಕೂತು ನೋಡುವ ಅವಕಾಶ ಸಿಕ್ಕಿತು.

ಗೇಟಿನಲ್ಲೇ ಮನಸ್ಸಿಗೆ ಚುಚ್ಚಿದ್ದು ಬಂದೂಕು ಹಿಡಿದ ಕಾವಲುಗಾರ. ಒಳಗಿನವರು ಬಟನ್ ಒತ್ತಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಏಳೆಂಟು ವರ್ಷದ ಮಕ್ಕಳು ಅವನಿಗೆ ಗುಡ್ ಮಾರ್ನಿಂಗ್ ಹೇಳಿ ಓಡಿಹೋಗುತ್ತಿದ್ದವು. ಅವಕ್ಕೆ ಅದು ರೂಢಿಯಾಗಿದೆ. ಒಂದು ಸಮುದಾಯ ತನ್ನ ಮಕ್ಕಳನ್ನು ಓದಲು ಕಳಿಸಬೇಕಾದರೆ ಇಷ್ಟು ಕಾವಲು ಬೇಕೇ ಅನ್ನಿಸಿ ಸಂಕಟವಾಯಿತು. ಒಳಗೆ ಹೋದರೆ ಪ್ರತಿ ಕೋಣೆಯ ಬಾಗಿಲ ಪಟ್ಟಿಗೆ ಓರೆಯಾಗಿ ಒಂದು ಪುಟ್ಟ ಕೊಳವೆ ಬಡಿದಿರುತ್ತಾರೆ. ಅದರೊಳಗೆ ತೋರಾದ ಸಾಲುಗಳನ್ನು ಕೈಯಲ್ಲಿ ಬರೆದ ಸುರುಳಿ. ಅದಕ್ಕೆ ಮೆಝುಝಾ ಅನ್ನುತ್ತಾರೆ. ಕೆಲವು ಮಕ್ಕಳು ಅದನ್ನು ಮುಟ್ಟಿ ಬೆರಳಿಗೆ ಮುತ್ತು ಕೊಟ್ಟು ಒಳಗೆ ಬರುತ್ತಾರೆ.

ಊಟದ ವಿಷಯದಲ್ಲಿ ತಂಗಿ ಮೊದಲೇ ಹೇಳಿದ್ದಳು. "ಅಕ್ಕಾ, ಪೇಡೆ ಮನಿಗಷ್ಟೇ ತಾ. ಶಾಲಿಗೆ ಒಯ್ಯಾಕ ಬರಂಗಿಲ್ಲ." ಅವರ ಆಹಾರ ನಿಯಮದ ಪ್ರಕಾರ ಕೋಷರ್ ಗುರುತು ಇರುವ ತಿಂಡಿ ಮಾತ್ರ ಒಳಗೆ ಹೋಗಬೇಕು. ಮಾಂಸವನ್ನೂ ಹಾಲನ್ನೂ ಒಟ್ಟಿಗೆ ಉಣ್ಣುವಂತಿಲ್ಲ, ಪಾತ್ರೆಗಳೂ ಬೇರೆ ಬೇರೆ. ಮಡಿ-ಮೈಲಿಗೆ ನೋಡಿ ಬೆಳೆದ ನನಗೆ ಇದು ಬೇಗ ಅರ್ಥವಾಯಿತು. ಅಲರ್ಜಿಯ ಕಾರಣಕ್ಕೆ ಶೇಂಗಾ ಅಂತೂ ಶಾಲೆಯಲ್ಲಿ ಪೂರ್ತಿ ನಿಷೇಧ. ಚಟ್ನಿಪುಡಿ ಇಲ್ಲದೆ ನನ್ನ ತಂಗಿ ಮಧ್ಯಾಹ್ನ ಊಟ ಮಾಡುವುದನ್ನು ಕಲಿತಿದ್ದಾಳೆ ಅಂದರೆ ನಮ್ಮವ್ವ ನಂಬುವುದಿಲ್ಲ.

ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಒಂದು ಸಂಖ್ಯೆ ಹೇಳಿದರು. ಆ ಹೊತ್ತಿನಲ್ಲಿ ಅವರಿಗೆ ಓಮೆರ್ ಎಣಿಕೆಯ ಕಾಲ. ಪಾಸೋವರ್ ಹಬ್ಬದ ಎರಡನೇ ದಿನದಿಂದ ಶಾವುವೋತ್ ಹಬ್ಬದವರೆಗೆ 49 ದಿನ. ದಿನಾ ರಾತ್ರಿ ಮನೆಯಲ್ಲಿ ಎಣಿಸುತ್ತಾರೆ, ಬೆಳಿಗ್ಗೆ ಶಾಲೆಯಲ್ಲಿ ನೆನಪಿಸಿಕೊಳ್ಳುತ್ತಾರೆ. ಎಣಿಸುವ ರೀತಿ ಕೇಳಿ ನನಗೆ ಖುಷಿಯಾಯಿತು. ಸುಮ್ಮನೆ 24 ಅನ್ನುವುದಿಲ್ಲ. "ಇಂದು ಇಪ್ಪತ್ನಾಲ್ಕು ದಿನ, ಅಂದರೆ ಮೂರು ವಾರ ಮೂರು ದಿನ" ಅನ್ನಬೇಕು. ಏಳರಿಂದ ಭಾಗಿಸಿ ಶೇಷ ಹೇಳುವುದು! ನಾನು ಐದನೇ ತರಗತಿಯ ಮಕ್ಕಳಿಗೆ ಶೇಷ ಅಂದರೇನು ಅಂತ ತಿಳಿಸಲು ವಾರಗಟ್ಟಲೆ ಒದ್ದಾಡಿದ್ದೇನೆ. ಇಲ್ಲಿ ಅದು ಪ್ರಾರ್ಥನೆಯೊಳಗೇ ಕೂತಿದೆ.

ಕಿಟಕಿಯ ಕಟ್ಟೆಯ ಮೇಲೆ ಕುಂಡಗಳಲ್ಲಿ ಗೋದಿ, ಬಾರ್ಲಿ ಬೆಳೆಸಿದ್ದರು. ಈ 49 ದಿನ ಶುರುವಾಗುವುದು ಬಾರ್ಲಿ ಸುಗ್ಗಿಗೆ, ಮುಗಿಯುವುದು ಗೋದಿ ಸುಗ್ಗಿಗೆ. ಹಿಂದೆ ಜೆರುಸಲೆಮಿನ ದೇವಾಲಯಕ್ಕೆ ಮೊದಲ ಬೆಳೆ ಒಯ್ದು ಅರ್ಪಿಸುತ್ತಿದ್ದರು. ತಂಗಿಯ ವಿಜ್ಞಾನದ ಅವಧಿಯಲ್ಲಿ ಮಕ್ಕಳು ಅದೇ ಪೈರನ್ನು ಅಳೆದು ಬರೆದುಕೊಳ್ಳುತ್ತಾರೆ. ನೆರಳಿನ ಕುಂಡ ಯಾಕೆ ಸೊರಗಿತು, ಯಾವುದು ಮೊದಲು ತೆನೆ ಹಾಯಿತು. ತೋರಾದ ಟೀಚರ್ ಅದೇ ಕುಂಡ ಮುಂದಿಟ್ಟುಕೊಂಡು ರೂತಳ ಕಥೆ ಹೇಳುತ್ತಾರೆ. ಶಾವುವೋತ್ ಹಬ್ಬದಲ್ಲಿ ಓದುವ ಕಥೆ ಅದು. ಗಂಡ ಸತ್ತ ಹೆಣ್ಣುಮಗಳು ಅತ್ತೆಯ ಜೊತೆ ಬೆತ್ಲೆಹೇಮಿಗೆ ಬಂದು, ಇನ್ನೊಬ್ಬರ ಹೊಲದಲ್ಲಿ ಹಕ್ಕಲು ಆರಿಸಿ ಹೊಟ್ಟೆ ಹೊರೆಯುತ್ತಾಳೆ.

ಹಕ್ಕಲು! ಶೇಂಗಾ ಕಿತ್ತ ಮೇಲೆ ಹೊಲದಲ್ಲಿ ಉಳಿದ ಕಾಯಿ ಆರಿಸಲು ನಮ್ಮ ಓಣಿಯ ಹೆಣ್ಣುಮಕ್ಕಳು ಬುಟ್ಟಿ ಹಿಡಿದು ಹೋಗುತ್ತಿದ್ದರು. ನಾನೂ ಅವರ ಹಿಂದೆ ಹೋದವಳು. ಹೊಲದವರು ಬೇಡ ಅನ್ನುತ್ತಿರಲಿಲ್ಲ. ತೋರಾದಲ್ಲಿ ಅದು ಕಟ್ಟಳೆಯೇ ಆಗಿದೆ. ಹೊಲದ ಮೂಲೆಯನ್ನು ಕೊಯ್ಯಬೇಡ, ಬಿದ್ದ ತೆನೆಯನ್ನು ಎತ್ತಬೇಡ, ಅದು ಬಡವನದು ಮತ್ತು ಪರದೇಶಿಯದು.

ಆಗ ಒಬ್ಬ ಹುಡುಗ ಕೈ ಎತ್ತಿ ಕೇಳಿದ. ರೈತ ಹೊಲವನ್ನು ದುಂಡಗೆ ಮಾಡಿಕೊಂಡರೆ? ಮೂಲೆಯೇ ಇರುವುದಿಲ್ಲವಲ್ಲ?

ಎಷ್ಟೋ ತರಗತಿಗಳಲ್ಲಿ ಈ ಪ್ರಶ್ನೆಗೆ "ಶಾಣ್ಯಾತನ ಬ್ಯಾಡ, ಕೂಡು" ಅನ್ನುವ ಉತ್ತರ ಸಿಗುತ್ತದೆ. ಆ ಟೀಚರ್ ಮುಖ ಅರಳಿತು. ಗೋಡೆಯ ಮೇಲೆ ಪ್ರಶ್ನೆಗಳಿಗಂತಲೇ ದೊಡ್ಡ ಹಾಳೆ ಅಂಟಿಸಿದ್ದರು. ಅದರಲ್ಲಿ ಹುಡುಗನಿಂದಲೇ ಬರೆಸಿದರು. ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿದರು. ಜೋಡಿಯಾಗಿ ಓದಿ ವಾದ ಮಾಡುವುದು ಅವರ ಹಳೆಯ ಪದ್ಧತಿ, ಹವ್ರುತಾ ಅನ್ನುತ್ತಾರೆ. ಕೋಣೆಯಲ್ಲಿ ಗದ್ದಲ ಎದ್ದಿತು. ಒಬ್ಬಳು ದುಂಡನೆಯ ಹೊಲ ಬರೆದು ಅಂಚಿನಲ್ಲಿ ಬಿಡಬೇಕು ಅಂದಳು. ಇನ್ನೊಬ್ಬ, ಮೂಲೆ ಅಂದರೆ ಎಷ್ಟು ಅಂತ ಹೇಳಿಯೇ ಇಲ್ಲವಲ್ಲ, ಒಂದು ತೆನೆ ಬಿಟ್ಟರೂ ಆಯಿತಲ್ಲ ಅಂದ. ಎಲ್ಲರೂ ಮಾತಾಡಿದ ಮೇಲೆ ಟೀಚರ್ ಮಿಷ್ನಾದ ಒಂದು ಪುಟ ತೆರೆದರು. ಸುಮಾರು ಕ್ರಿ.ಶ. 200ರ ಹೊತ್ತಿಗೆ ಒಟ್ಟುಗೂಡಿಸಿದ ಕಟ್ಟಳೆಗಳ ಗ್ರಂಥ ಅದು. ಅದರಲ್ಲಿ ಹೊಲದ ಮೂಲೆಗೇ ಒಂದು ಇಡೀ ಭಾಗವಿದೆ. ಹೆಚ್ಚೆಂದರೆ ಇಷ್ಟು ಅಂತ ಮಿತಿ ಇಲ್ಲ. ಆದರೆ ಅರವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ ಬಿಡಬಾರದು. ಹೊಲ ಎಷ್ಟು ದೊಡ್ಡದು, ಬಡವರು ಎಷ್ಟು ಜನ ಇದ್ದಾರೆ ಅನ್ನುವುದನ್ನೂ ನೋಡಬೇಕು.

ಅಂದರೆ ಆ ಒಂಬತ್ತು ವರ್ಷದ ಹುಡುಗರ ತಕರಾರನ್ನೇ ದೊಡ್ಡವರು ಸಾವಿರದ ಎಂಟುನೂರು ವರ್ಷಗಳ ಹಿಂದೆ ಕೂತು ಚರ್ಚೆ ಮಾಡಿದ್ದರು. ಮಿಷ್ನಾದಲ್ಲಿ ಸೋತವರ ಅಭಿಪ್ರಾಯವನ್ನೂ ಹೆಸರು ಹೇಳಿ ಬರೆದಿಟ್ಟಿದ್ದಾರೆ. ಧರ್ಮದ ಪಾಠ ಅಂದರೆ ಮಗುವಿನ ಪ್ರಶ್ನೆಗೆ ಜಾಗ ಇರುವ ಪಾಠ. ಪಾಸೋವರ್ ಊಟ ಕೂಡ ಮನೆಯ ಅತಿ ಚಿಕ್ಕ ಮಗು ನಾಲ್ಕು ಪ್ರಶ್ನೆ ಕೇಳಿದ ಮೇಲೆಯೇ ಮುಂದೆ ಸಾಗುತ್ತದೆ. ಮರುದಿನ ಗಣಿತದ ಅವಧಿಯಲ್ಲಿ ಅರವತ್ತರಲ್ಲಿ ಒಂದು ಪಾಲಿನ ಲೆಕ್ಕ. ಗ್ರಾಫ್ ಹಾಳೆಯ ಮೇಲೆ ಆಯತ, ತ್ರಿಕೋನ, ದುಂಡು, ಎಲ್ಲ ಆಕಾರದ ಹೊಲ.

ಓದಲು ಹಿಂದೆ ಬಿದ್ದ ಮಗುವೂ ಅಲ್ಲಿತ್ತು. ಹೀಬ್ರೂ ಬಲದಿಂದ ಎಡಕ್ಕೆ ಓದಬೇಕು, ಒಬ್ಬಳಿಗೆ ಸಾಲು ತಪ್ಪುತ್ತಿತ್ತು. ಅವಳನ್ನು ಬೇರೆ ಕೂರಿಸಲಿಲ್ಲ. ಅದೇ ಜೋಡಿಯಲ್ಲಿ, ಅವಳಿಗೆ ದೊಡ್ಡ ಅಕ್ಷರದ ಚಿಕ್ಕ ಹಾಳೆ. ಮಗುವನ್ನು ಅದರ ದಾರಿಗೆ ತಕ್ಕ ಹಾಗೆ ಬೆಳೆಸು ಅನ್ನುವ ಮಾತು ಅವರ ಜ್ಞಾನೋಕ್ತಿಗಳಲ್ಲಿ ಇದೆ. ಟೀಚರುಗಳ ಕೋಣೆಯ ಗೋಡೆಯ ಮೇಲೂ ಅದನ್ನು ಬರೆದು ಹಾಕಿದ್ದರು. ಆ ತೋರಾದ ಟೀಚರ್ ನನಗೆ ತಾಲ್ಮುದಿನ, ಅಂದರೆ ಮಿಷ್ನಾದ ಮೇಲಿನ ಚರ್ಚೆಗಳ ಗ್ರಂಥದ, ಒಂದು ಪುಟವನ್ನೂ ತೋರಿಸಿ ಅರ್ಥ ಹೇಳಿದರು. ಒಂದನೇ ಶತಮಾನದಲ್ಲಿ ಯೆಹೋಶುವಾ ಬೆನ್ ಗಮ್ಲಾ ಅನ್ನುವ ಮುಖ್ಯ ಪುರೋಹಿತ ಊರೂರಿಗೂ ಗುರುಗಳನ್ನು ನೇಮಿಸಿ, ಆರೇಳು ವರ್ಷದ ಮಕ್ಕಳನ್ನು ಕಲಿಯಲು ಕೂರಿಸಬೇಕು ಅಂತ ಏರ್ಪಾಡು ಮಾಡಿದ. ಅದೇ ಪುಟದಲ್ಲಿ ಮುಂದೆ ಲೆಕ್ಕವೂ ಇದೆ: ಒಬ್ಬ ಗುರುವಿಗೆ 25 ಮಕ್ಕಳು. 40 ಆದರೆ ಒಬ್ಬ ಸಹಾಯಕ ಬೇಕು. 50 ಆದರೆ ಇಬ್ಬರು ಗುರುಗಳು. ನಮ್ಮ ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಬಂತು. ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬರು, ಆರರಿಂದ ಎಂಟರವರೆಗೆ 35ಕ್ಕೆ ಒಬ್ಬರು ಅನ್ನುತ್ತದೆ. ಓದದ ಹುಡುಗನನ್ನು ಏನು ಮಾಡಬೇಕು ಅನ್ನುವುದಕ್ಕೂ ಆ ಪುಟದಲ್ಲಿ ಉತ್ತರವಿದೆ: ಅವನು ಗೆಳೆಯರ ಜೊತೆಗಾದರೂ ಕೂತಿರಲಿ. ಹೊಡೆಯಬೇಕಾಗಿ ಬಂದರೂ ಚಪ್ಪಲಿಯ ದಾರದಿಂದ ಮಾತ್ರ. ಈ ಮಾತನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನಮ್ಮಲ್ಲಿ ಕಾನೂನು ಹೊಡೆಯಲೇಬಾರದು ಅನ್ನುತ್ತದೆ, ಆದರೂ ಕೋಲು ಪೂರ್ತಿ ಹೋಗಿಲ್ಲ.

ಎಲ್ಲವೂ ನನಗೆ ಹಿಡಿಸಿತು ಅಂತಲ್ಲ. ಫೀಸು ಬಹಳ ಜಾಸ್ತಿ. ಶಾಲೆ ಎಷ್ಟೋ ಮನೆಗಳಿಗೆ ರಿಯಾಯಿತಿ ಕೊಟ್ಟರೂ ಕೊಡಲಾಗದವರು ಉಳಿದೇ ಉಳಿಯುತ್ತಾರೆ. ಇನ್ನೊಂದು, ಅಲ್ಲಿ ಎಲ್ಲ ಮಕ್ಕಳೂ ಒಂದೇ ಧರ್ಮದವರು. ಬೇರೆ ಹಬ್ಬ ಮಾಡುವ ಗೆಳೆಯ ಪಕ್ಕದ ಬೆಂಚಿನಲ್ಲಿ ಇರುವುದಿಲ್ಲ. ನನಗೆ ಅದು ಕೊರತೆ ಅನ್ನಿಸುತ್ತದೆ. ನಮ್ಮ ದೇಶದ ಯಹೂದಿ ಶಾಲೆಗಳ ಕಥೆ ಬೇರೆಯೇ ಆಯಿತು. ಮುಂಬೈಯ ಬೈಕಲಾದಲ್ಲಿ ಸರ್ ಜೇಕಬ್ ಸಸೂನ್ ಶಾಲೆ ಇದೆ, ಕೋಲ್ಕತ್ತದಲ್ಲಿ 1881ರಲ್ಲಿ ಶುರುವಾದ ಜ್ಯೂಯಿಷ್ ಗರ್ಲ್ಸ್ ಸ್ಕೂಲ್ ಇದೆ. 1948ರ ನಂತರ ಬಹಳಷ್ಟು ಯಹೂದಿಗಳು ಇಸ್ರೇಲಿಗೆ ಹೋದರು. ಈಗ ಆ ಶಾಲೆಗಳಲ್ಲಿ ಓದುವವರಲ್ಲಿ ಹೆಚ್ಚಿನವರು ಮುಸ್ಲಿಂ ಮಕ್ಕಳು. ಅದನ್ನು ಓದಿದಾಗ ನನಗೆ ಆ ಶಾಲೆಗಳ ಮೇಲೆ ಪ್ರೀತಿ ಹುಟ್ಟಿತು.

ನನ್ನ ತರಗತಿಯಲ್ಲೂ ಎಲ್ಲ ಬಗೆಯ ಮಕ್ಕಳಿದ್ದಾರೆ. ಸಂವಿಧಾನದ 28ನೇ ವಿಧಿ ಪ್ರಕಾರ, ಮನ್ನಣೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪಾಲಕರ ಒಪ್ಪಿಗೆ ಇಲ್ಲದೆ ಮಗುವನ್ನು ಧರ್ಮದ ಪಾಠಕ್ಕೆ ಕೂರಿಸುವಂತಿಲ್ಲ. ಅದು ಸರಿಯಾದದ್ದೇ. ನಂಬು ಅನ್ನುವುದು ಬೇರೆ. ಇದರಲ್ಲಿ ಏನು ಹೇಳಿದೆ, ನಿನಗೇನು ಅನ್ನಿಸಿತು ಅಂತ ಕೇಳುವುದು ಬೇರೆ. ಹನ್ನೆರಡನೇ ಶತಮಾನದ ಕಲ್ಯಾಣದ ಶರಣರು ಕೂತು ವಾದ ಮಾಡಿದವರು, ಒಬ್ಬರನ್ನೊಬ್ಬರು ಕೇಳಿದವರು. ಅವರ ಮಾತನ್ನು ನಾವು ಮಕ್ಕಳಿಂದ ಬರೀ ಬಾಯಿಪಾಠ ಮಾಡಿಸಿದರೆ ಅದು ಅವರಿಗೆ ಮಾಡುವ ಗೌರವ ಅಲ್ಲ.

ಊರಿಗೆ ಬಂದ ಮೇಲೆ ನಮ್ಮ ಕನ್ನಡ ಟೀಚರ್ ಜೊತೆ ಮಾತಾಡಿದೆ. "ವಚನದ ಪಿರಿಯಡ್‌ನ್ಯಾಗ ಲೆಕ್ಕ ಯಾಕ್ರೀ?" ಅಂದರು ಮೊದಲು. ಆಮೇಲೆ ಒಂದು ಸಲ ನೋಡೋಣ ಅಂದರು. ಆರನೇ ತರಗತಿಯಲ್ಲಿ ಅವರು ಕಾಯಕ, ದಾಸೋಹದ ಪಾಠ ಮಾಡಿದರು. ನಾನು ಹೊಲದ ಮೂಲೆಯ ಕಥೆ ಹೇಳಿ ಬೋರ್ಡಿನ ಮೇಲೆ ಒಂದು ಎಕರೆ ಬರೆದೆ. 43,560 ಚದರ ಅಡಿ. ಅದರ ಅರವತ್ತರಲ್ಲಿ ಒಂದು ಪಾಲು 726. ಅಂಗಳದಲ್ಲಿ 22 ಅಡಿಗೆ 33 ಅಡಿ ಸುಣ್ಣದ ಗೆರೆ ಹಾಕಿದೆವು. ಮಕ್ಕಳು ಅದರೊಳಗೆ ನಿಂತು, ಇಷ್ಟರಲ್ಲಿ ಎಷ್ಟು ಜೋಳ ಬಂದೀತು ಅಂತ ಲೆಕ್ಕ ಹಾಕತೊಡಗಿದರು. ಅಮ್ಮಿನಭಾವಿ, ಹೆಬ್ಬಳ್ಳಿ ಕಡೆಯ ಮಕ್ಕಳಿಗೆ ಆ ಅಂದಾಜು ನನಗಿಂತ ಚೆನ್ನಾಗಿ ಗೊತ್ತು. ಶೀಗಿ ಹುಣ್ಣಿಮೆಗೆ ಚರಗ ಚೆಲ್ಲುವುದೂ ಹೀಂಗೇ ಅಲ್ಲೇನ್ರೀ, ಹೊಲದ ಪಾಲು ಹೊಲಕ್ಕ, ಅಂದಳು ಒಬ್ಬಳು. ಒಬ್ಬ ಮುಸ್ಲಿಂ ಹುಡುಗ ಎದ್ದು ನಿಂತು, ನಮ್ಮಜ್ಜ ಹೇಳ್ಯಾನ್ರೀ, ಮಳಿ ನೀರಿನ ಬೆಳಿಯೊಳಗ ಹತ್ತರಾಗ ಒಂದ ಪಾಲು ಬಡವರಿಗೆ ಕೊಡಬೇಕು, ನಾವ ನೀರು ಹಾಯಿಸಿದ್ರ ಇಪ್ಪತ್ತರಾಗ ಒಂದು, ಅಂದ. ಅದು ಉಶ್ರ್. ಹುಡುಗ ಸರಿಯಾಗಿಯೇ ಹೇಳಿದ್ದ. ಹಂಗಾದರೆ ಬೋರ್‌ವೆಲ್ ಇದ್ದವರಿಗೆ ಯಾಕೆ ಕಡಿಮೆ ಅಂತ ಜಗಳ ಶುರು. ಕರೆಂಟ್ ಬಿಲ್, ಪೈಪು, ಖರ್ಚು ಅಂತ ಅವರೇ ಉತ್ತರ ಕಂಡುಕೊಂಡರು. 4,356 ಮತ್ತು 2,178 ಬೋರ್ಡಿನ ಮೇಲೆ 726ರ ಪಕ್ಕ ಬಂದವು.

ಆಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ. "ಟೀಚರ್, ಹೊಲ ಲಾವಣಿಗೆ ಮಾಡಿದ್ರ ಮೂಲಿ ಯಾರು ಬಿಡಬೇಕ್ರೀ? ಮಾಲಕರೋ, ನಾವೋ?" ಅವಳ ಮನೆಯವರು ಲಾವಣಿಗೆ, ಅಂದರೆ ಗೇಣಿಗೆ, ಹೊಲ ಮಾಡುವವರು. ಎಂದೂ ಬಾಯಿ ಬಿಡದ ಹುಡುಗಿ. ತರಗತಿ ಎರಡು ಪಾಳಯವಾಯಿತು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಆ ಪ್ರಶ್ನೆ ಈಗ ನಮ್ಮ ಗೋಡೆಯ ಮೇಲೆ ಅಂಟಿಸಿದ ಹಾಳೆಯಲ್ಲಿ ಮೊದಲನೆಯದು.

ಹೆಡ್‌ಮಾಸ್ತರು ಶನಿವಾರದ ವಚನದ ಅವಧಿಯನ್ನೂ ಗಣಿತದ ಅವಧಿಯನ್ನೂ ಅಕ್ಕಪಕ್ಕ ಇಟ್ಟುಕೊಟ್ಟಿದ್ದಾರೆ. ಮುಂದೆ ಅಧಿಕ ಮಾಸ ಎತ್ತಿಕೊಳ್ಳುತ್ತಿದ್ದೇವೆ. ಪಾಸೋವರ್ ವಸಂತದಲ್ಲೇ ಬರಬೇಕು ಅಂತ ಯಹೂದಿಗಳು 19 ವರ್ಷದಲ್ಲಿ 7 ಸಲ ಒಂದು ತಿಂಗಳು ಸೇರಿಸುತ್ತಾರೆ. ನಮ್ಮ ಪಂಚಾಂಗದಲ್ಲೂ ಹೆಚ್ಚುಕಡಿಮೆ ಅಷ್ಟೇ ಸಲ ಅಧಿಕ ಮಾಸ ಬರುತ್ತದೆ. ಹಿಜರಿಯಲ್ಲಿ ತಿಂಗಳು ಸೇರಿಸುವುದಿಲ್ಲ, ಅದಕ್ಕೇ ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುತ್ತದೆ. ಮಕ್ಕಳು ಮನೆಯಿಂದ ಪಂಚಾಂಗ ಮತ್ತು ಉರ್ದು ಕ್ಯಾಲೆಂಡರ್ ತರುತ್ತಾರೆ. ಹೀಬ್ರೂ ಕ್ಯಾಲೆಂಡರಿನ ಫೋಟೋ ಕಳಿಸು ಅಂತ ತಂಗಿಗೆ ಹೇಳಿದ್ದೇನೆ. ಮೂರನ್ನೂ ಒಂದೇ ಮೇಜಿನ ಮೇಲೆ ಹರಡಿ ಎಣಿಸುತ್ತೇವೆ.