ಪದ್ಮಿನಿಯ ಮಂಕು ಪಟ್ಟಿಗಳು

ಅಪ್ಪನ ಪ್ರೀಮಿಯರ್ ಪದ್ಮಿನಿ 1989ರದ್ದು. ಎಂಜಿನ್ ಗಟ್ಟಿಯಾಗಿದೆ. ಬಣ್ಣ ಹೊಡೆಸಿ ಬಹಳ ದಿನ ಆಗಿಲ್ಲ. ಆದರೂ ಕಾರಿಗೆ ವಯಸ್ಸಾಗಿದೆ ಅಂತ ದೂರದಿಂದಲೇ ಗೊತ್ತಾಗುತ್ತಿತ್ತು. ಅದಕ್ಕೆ ಕಾರಣ ಹೊಳೆಯಬೇಕಾದ ಭಾಗಗಳು ಹೊಳೆಯದೇ ಇದ್ದದ್ದು. ಬಂಪರ್ ಮೇಲೆ ಕಂದು ಚುಕ್ಕೆಗಳು. ಬಾಗಿಲುಗಳ ಉದ್ದಕ್ಕೂ ಇರುವ ಅಲಂಕಾರದ ಪಟ್ಟಿ, ಅಂದರೆ ಬೀಡಿಂಗ್, ಬೆಳ್ಳಗೆ ಮಂಕಾಗಿತ್ತು. ಮುಂದಿನ ಗಾಜಿನ ಸುತ್ತಲಿನ ಪಟ್ಟಿಯಲ್ಲಿ ಟ್ಯಾಂಕರ್ ನೀರಿನ ಕಲೆಗಳು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕಾರಿನ ಸಾಮಾನಿನ ಅಂಗಡಿಯೊಂದರಲ್ಲಿ ಕೇಳಿದೆ. "ಅದನ್ನ ಯಾಕೆ ಉಜ್ಜುತ್ತಾ ಕೂರ್ತೀರಾ ಮೇಡಂ, ಕಿತ್ತು ಬಿಸಾಕಿ" ಎಂದು ಪ್ಲಾಸ್ಟಿಕ್ ಕ್ರೋಮ್ ಪಟ್ಟಿಯ ಸುರುಳಿ ತೋರಿಸಿದರು. ಅಂಟಿಸಿದರೆ ಮುಗೀತು, ನಿಜ. ಆದರೆ ನಮ್ಮ ಬೀದಿಯಲ್ಲೇ ಒಂದು ಕಾರಿಗೆ ಅದನ್ನು ಅಂಟಿಸಿದ್ದಾರೆ, ಈಗ ಬಿಸಿಲಿಗೆ ಸಿಪ್ಪೆ ಎದ್ದು ನೇತಾಡುತ್ತಿದೆ. ಬೇಡ ಅಂದುಕೊಂಡು ಬಂದೆ.

ಉಪಾಯ ಹೇಳುವವರಿಗೇನೂ ಕಮ್ಮಿ ಇರಲಿಲ್ಲ. ಪಕ್ಕದ ಮನೆ ಅಂಕಲ್ ಹಿತ್ತಾಳೆ ಉಜ್ಜುವ ಬ್ರಾಸೋ ಪಾಲಿಶ್ ಅಂದರು. ಅಮ್ಮ ಹುಣಸೆಹಣ್ಣು ಅಂದರು. ಗ್ಯಾರೇಜಿನ ಹುಡುಗ ಮೆಷಿನ್ನಿನಲ್ಲಿ ಉಜ್ಜಿ ಬಫಿಂಗ್ ಮಾಡಿಸಿಬಿಡಿ ಅಂದ. ಯಾರೂ ಅದು ಯಾವ ಲೋಹ ಅಂತ ಕೇಳಲಿಲ್ಲ. ನನಗೆ ಅದೇ ಮೊದಲು ಗೊತ್ತಾಗಬೇಕಿತ್ತು. ಇಷ್ಟು ವರ್ಷದಲ್ಲಿ ಈ ಕಾರಿನ ಅರ್ಧ ಸಾಮಾನು ಬದಲಾಗಿದೆ. ಈ ಕಾರು ತಯಾರಾದ ಮುಂಬೈನ ಕುರ್ಲಾ ಕಾರ್ಖಾನೆಯಲ್ಲಿ ಏನು ಹಾಕಿದ್ದರು ಅನ್ನುವುದಕ್ಕಿಂತ ಈಗ ಕಾರಿನ ಮೇಲೆ ಏನಿದೆ ಅನ್ನುವುದೇ ಮುಖ್ಯ.

ಒಂದು ಭಾನುವಾರ ಬೆಳಿಗ್ಗೆ ಫ್ರಿಜ್ ಮೇಲಿದ್ದ ತಿರುಪತಿಯ ಮ್ಯಾಗ್ನೆಟ್ ತೆಗೆದುಕೊಂಡು ಹೊರಗೆ ಬಂದೆ. ಬಂಪರಿಗೆ ಟಕ್ಕನೆ ಅಂಟಿತು. ಒಳಗೆ ಉಕ್ಕು, ಮೇಲೆ ಕ್ರೋಮ್ ಲೇಪ. ಗಾಜಿನ ಸುತ್ತಲಿನ ಪಟ್ಟಿಗೆ ಅಂಟಲಿಲ್ಲ, ಆದರೆ ಅದು ಗಟ್ಟಿ, ಎಲ್ಲೂ ತುಕ್ಕಿಲ್ಲ. ಅದು ಸ್ಟೇನ್‌ಲೆಸ್ ಸ್ಟೀಲ್. ಬೀಡಿಂಗಿಗೂ ಅಂಟಲಿಲ್ಲ. ಅದು ಹಗುರ, ಉಗುರಲ್ಲಿ ಒತ್ತಿದರೆ ಬಗ್ಗುತ್ತದೆ, ಅಂದರೆ ಅಲ್ಯೂಮಿನಿಯಂ. ಆಮೇಲೆ ಮಲ್ಟಿಮೀಟರ್ ತಂದೆ. ಎರಡು ಕಡ್ಡಿಗಳನ್ನೂ ಬಂಪರಿಗೆ ಮುಟ್ಟಿಸಿದರೆ ಬೀಪ್ ಅನ್ನುತ್ತದೆ. ಬೀಡಿಂಗಿನ ಮೇಲೆ ಸದ್ದೇ ಇಲ್ಲ. ತುದಿಯಲ್ಲಿ ಆಳವಾಗಿ ಗೀಚಿಹೋದ ಜಾಗದಲ್ಲಿ ಮಾತ್ರ ಬೀಪ್. ಅಪ್ಪನಿಗೆ ಆಶ್ಚರ್ಯ. "ಲೋಹ ಅಲ್ವಾ, ಕರೆಂಟ್ ಯಾಕೆ ಹರಿಯಲ್ಲ?"

ಹರಿಯುವುದಿಲ್ಲ, ಯಾಕೆಂದರೆ ಅದಕ್ಕೆ ಆನೋಡೈಸಿಂಗ್ ಆಗಿದೆ. ಅಲ್ಯೂಮಿನಿಯಮ್ಮನ್ನು ಗಂಧಕಾಮ್ಲದಲ್ಲಿ ಮುಳುಗಿಸಿ ಕರೆಂಟ್ ಹಾಯಿಸಿದರೆ ಅದರ ಮೈಮೇಲೆ ಆಕ್ಸೈಡಿನ ಪದರ ಬೆಳೆಯುತ್ತದೆ. ದಪ್ಪ ಕೆಲವೇ ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು. ಗಾಜಿನಂತೆ ಪಾರದರ್ಶಕ, ತುಂಬಾ ಗಡುಸು, ಕರೆಂಟನ್ನು ಬಿಡುವುದಿಲ್ಲ. ಬಿಸಿಲು, ಮಳೆ, ಕ್ಷಾರ ಜಾಸ್ತಿ ಇರುವ ಸೋಪು ಎಲ್ಲ ಸೇರಿ ಆ ಪದರ ಮಂಕಾಗುತ್ತದೆ. ಕೆಳಗಿನ ಲೋಹ ಚೆನ್ನಾಗಿಯೇ ಇರುತ್ತದೆ. ಹಾಗಾಗಿ ಮೇಲೆ ಬ್ರಾಸೋ ಹಾಕಿ ದಿನವಿಡೀ ಉಜ್ಜಿದರೂ ಕೈ ನೋಯುತ್ತದೆ ಅಷ್ಟೇ. ಪದರವನ್ನೇ ತೆಗೆಯಬೇಕು.

ಅದನ್ನು ತೆಗೆಯುವುದು ಕಾಸ್ಟಿಕ್ ಸೋಡಾ. ಅದು ಬಣ್ಣವನ್ನೂ ತಿನ್ನುತ್ತದೆ, ಚರ್ಮವನ್ನೂ ಸುಡುತ್ತದೆ. ಆದ್ದರಿಂದ ಪಟ್ಟಿಯನ್ನು ಕಾರಿನಿಂದ ಬಿಚ್ಚಲೇಬೇಕು. ಬಿಚ್ಚುವ ಕೆಲಸ ಅಪ್ಪ ತೆಗೆದುಕೊಂಡರು. ಹಳೇ ಎಟಿಎಂ ಕಾರ್ಡನ್ನು ಸಂದಿಗೆ ತೂರಿಸಿ, ಕ್ಲಿಪ್ ಒಂದೊಂದಾಗಿ ಬಿಡಿಸುತ್ತಾ, ಎಡಗಡೆಯ ಎರಡು ಬಾಗಿಲು ಮುಗಿಸುವ ಹೊತ್ತಿಗೆ ಕಾಫಿ ಆರಿಹೋಗಿತ್ತು. ಅಷ್ಟುದ್ದದ ಪಟ್ಟಿ ಬಕೆಟ್ಟಿನಲ್ಲಿ ಹಿಡಿಯುವುದಿಲ್ಲ. ತಾರಸಿಯ ಮೇಲೆ ಪ್ಲಂಬರ್ ಬಿಟ್ಟುಹೋಗಿದ್ದ ಪಿವಿಸಿ ಪೈಪ್ ಇತ್ತು. ಉದ್ದಕ್ಕೆ ಸೀಳಿ ಎರಡೂ ಕಡೆ ಮುಚ್ಚಿದರೆ ಒಳ್ಳೇ ದೋಣಿ ಆಯಿತು. ಇಡೀ ದಿನದಲ್ಲಿ ನನಗೆ ತುಂಬಾ ಖುಷಿ ಕೊಟ್ಟದ್ದು ಈ ದೋಣಿಯೇ.

ಮೊದಲು ನೀರು, ಆಮೇಲೆ ಸೋಡಾ. ಸೋಡಾದ ಮೇಲೆ ನೀರು ಸುರಿಯಬಾರದು, ಕುದಿದು ಮುಖಕ್ಕೆ ಸಿಡಿಯುತ್ತದೆ. ಕೈಗವಸು, ಕನ್ನಡಕ ಹಾಕಿಕೊಂಡು ಗೇಟಿನ ಹತ್ತಿರ ಬಯಲಲ್ಲೇ ಮಾಡಿದೆ. ಪಟ್ಟಿ ಇಳಿಸಿದ ಸ್ವಲ್ಪ ಹೊತ್ತಿಗೆ ಗುಳ್ಳೆ ಏಳತೊಡಗಿತು. ಅದು ಹೈಡ್ರೋಜನ್, ಬೆಂಕಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಸೊಳ್ಳೆ ಅಂತ ಅಪ್ಪ ಅಲ್ಲೇ ಬತ್ತಿ ಹಚ್ಚಲು ಬಂದರು, ಓಡಿಸಿದೆ. ಗುಳ್ಳೆ ಜೋರಾಯಿತು ಅಂದರೆ ಪದರ ಹೋಗಿ ಲೋಹವೇ ಕರಗುತ್ತಿದೆ ಅಂತ ಅರ್ಥ. ತಕ್ಷಣ ತೆಗೆದು ಧಾರಾಳವಾಗಿ ನೀರು ಬಿಟ್ಟೆ. ಪಟ್ಟಿ ಕಪ್ಪಗಾಗಿತ್ತು. ಅಮ್ಮ ಬಾಗಿಲಲ್ಲೇ ನಿಂತು ನೋಡಿ, "ಅದಕ್ಕೇ ಅಲ್ಯೂಮಿನಿಯಂ ಪಾತ್ರೆಗೆ ಸೋಡಾ ಹಾಕಬೇಡ ಅಂತ ಬಡ್ಕೊಳ್ಳೋದು" ಅಂದರು. ರಸಾಯನಶಾಸ್ತ್ರ ಸರಿಯಾಗಿಯೇ ಇತ್ತು.

ಕಪ್ಪು ಒರೆಸಿದರೆ ಹೋಯಿತು. ಆಮೇಲೆ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದ. ನಂಬರ್ ಹೆಚ್ಚಿದಷ್ಟೂ ನಯ: 600, 1000, 2000, ಉದ್ದಕ್ಕೆ ಒಂದೇ ದಿಕ್ಕಿನಲ್ಲಿ, ನೀರು ಹಾಕುತ್ತಾ. ಕೊನೆಗೆ ಹಳೇ ಬನಿಯನ್ ಬಟ್ಟೆಯಲ್ಲಿ ಮೆಟಲ್ ಪಾಲಿಶ್. ಮುಂದಿನ ಬಾಗಿಲ ಪಟ್ಟಿ ಕನ್ನಡಿಯೇ ಆಗಿಹೋಯಿತು. ಅಪ್ಪನಿಗೆ ಇಷ್ಟವಾಗಲಿಲ್ಲ. "ಇದು ಹೀಗಿರಲಿಲ್ಲ, ಹೊಸದಾಗಿ ತಂದಾಗಲೂ ಇಷ್ಟು ಮಿಂಚುತ್ತಿರಲಿಲ್ಲ." ಅವರ ಮಾತು ಸರಿ ಅನ್ನಿಸಿತು. ಆನೋಡೈಸ್ ಆದ ಪಟ್ಟಿಯದ್ದು ಮೆದುವಾದ ಬೆಳಕು. ಹಿಂದಿನ ಬಾಗಿಲಿನದ್ದನ್ನು 1000ಕ್ಕೇ ನಿಲ್ಲಿಸಿ, ಪಾಲಿಶ್ ಸುಮ್ನೆ ಹಾಗೆ ಮುಟ್ಟಿಸಿದೆ. ಮುಂದಿನದ್ದಕ್ಕೂ ಮತ್ತೆ 1000 ಎಳೆದು ಅದಕ್ಕೆ ಹೊಂದಿಸಿದೆ. ಮದುವೆಮನೆ ಪಾತ್ರೆಯ ಹಾಗೆ ಫಳಫಳ ಅನ್ನುವ ಹಳೇ ಕಾರುಗಳನ್ನು ಕಂಡರೆ ಈಗ ನನಗೂ ಸ್ವಲ್ಪ ಕಣ್ಣು ಚುಚ್ಚುತ್ತದೆ.

ಈಗ ಆ ಲೋಹಕ್ಕೆ ರಕ್ಷಣೆ ಇಲ್ಲ. ಆಗಾಗ ವ್ಯಾಕ್ಸ್ ಹಚ್ಚುತ್ತಿರಬೇಕು. ಶಾಶ್ವತವಾಗಬೇಕು ಅಂದರೆ ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಒಯ್ದು ಮತ್ತೆ ಆನೋಡೈಸ್ ಮಾಡಿಸಬಹುದು. ನಾಲ್ಕೂ ಬಾಗಿಲಿನದ್ದು ಸೇರಿದ ಮೇಲೆ ಒಟ್ಟಿಗೆ ಕೊಡುವ ಯೋಚನೆ ಇದೆ.

ಗಾಜಿನ ಪಟ್ಟಿಗೆ ಜಾಸ್ತಿ ಕೆಲಸವಿರಲಿಲ್ಲ. ಟ್ಯಾಂಕರಿನಲ್ಲಿ ಬರುವ ಬೋರ್‌ವೆಲ್ ನೀರಿನ ಸುಣ್ಣ ಅದು. ವಿನೆಗರ್‌ನಲ್ಲಿ ನೆನೆಸಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಹೊದಿಸಿ ತೊಳೆದರೆ ಹೋಯಿತು.

ಬಂಪರಿನ ಕಂದು ಚುಕ್ಕೆಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸಾಕು. ಉಂಡೆ ಮಾಡಿ ನೀರಲ್ಲಿ ಅದ್ದಿ ಉಜ್ಜಬೇಕು. ಫಾಯಿಲ್ ಕ್ರೋಮಿಗಿಂತ ಮೆತ್ತಗಿರುವುದರಿಂದ ಗೀರು ಬೀಳುವುದಿಲ್ಲ, ತುಕ್ಕು ಮಾತ್ರ ಬಿಡುತ್ತದೆ. ಚುಕ್ಕೆ ಹೋದ ಜಾಗದಲ್ಲಿ ಸೂಜಿಮೊನೆಯಷ್ಟು ಗುಳಿಗಳು ಉಳಿದವು. ಅಲ್ಲಿ ಕ್ರೋಮ್ ಇಲ್ಲ. ಅದು ಮೊದಲೇ ಒಂದು ಮೈಕ್ರಾನ್‌ಗಿಂತ ತೆಳು, ಅದರ ಕೆಳಗಿನ ನಿಕ್ಕಲ್ಲೇ ನಿಜವಾದ ಕಾವಲು. ಗುಳಿ ಹೋಗಬೇಕಾದರೆ ಹಳೇ ಲೇಪವೆಲ್ಲ ತೆಗೆದು, ಉಕ್ಕನ್ನು ತೇಯ್ದು, ಮತ್ತೆ ನಿಕ್ಕಲ್, ಕ್ರೋಮ್ ಹಾಕಿಸಬೇಕು. ಆ ತೊಟ್ಟಿಯ ಕ್ರೋಮಿಕ್ ಆಮ್ಲ ಕಡುವಿಷ. ತೊಳೆದ ನೀರನ್ನು ಸರಿಯಾಗಿ ಶುದ್ಧಮಾಡದೆ ಚರಂಡಿಗೆ ಬಿಟ್ಟರೆ ಅದು ಎಲ್ಲಿಗೆ ಹೋಗುತ್ತದೆ ಅಂತ ಬೆಂಗಳೂರಿನವರಿಗೆ ಹೇಳಬೇಕಿಲ್ಲ. ಒಂದಷ್ಟು ಗುಳಿಗಾಗಿ ಅಷ್ಟೆಲ್ಲ ಬೇಡ ಅಂತ ಇಬ್ಬರಿಗೂ ಅನ್ನಿಸಿತು. ವ್ಯಾಕ್ಸ್ ಹಚ್ಚಿ ಬಿಟ್ಟೆವು. ಇದೇ ಕಾರು ಮಂಗಳೂರಿನ ಉಪ್ಪುಗಾಳಿಯಲ್ಲಿ ನಿಂತಿದ್ದರೆ ಈ ಭಾಗ್ಯವೂ ಇರುತ್ತಿರಲಿಲ್ಲ.

ಆಯುಧಪೂಜೆ ದಿನ ಅಪ್ಪ ವಿಭೂತಿ, ಕುಂಕುಮವನ್ನೆಲ್ಲ ಗಾಜಿಗೇ ಇಟ್ಟರು, ಪಟ್ಟಿಯ ಹತ್ತಿರ ಯಾರ ಕೈಯನ್ನೂ ಬಿಡಲಿಲ್ಲ. ಬಾಳೆಕಂದನ್ನು ಬಂಪರಿಗೆ ತಂತಿಯಲ್ಲಿ ಕಟ್ಟಲು ಬಂದ ಹುಡುಗನಿಗೆ ಸೆಣಬಿನ ಹುರಿ ಕೊಟ್ಟರು. ಬಲಗಡೆಯ ಬಾಗಿಲುಗಳು ಇನ್ನೂ ಬಾಕಿ ಇವೆ. ಪೈಪ್ ಎಸೆಯಬೇಡ ಅಂದಿದ್ದಾರೆ.