ಚೂರಿ ಎಸೆಯುವ ರೋಗ್: ಐದನೇ ಲೆವೆಲ್‌ವರೆಗಿನ ಕೆಲಸ

ದಾಳ ಉರುಳಿಸಿ ಪಾತ್ರವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಚೂರಿ ಎಸೆತವನ್ನೇ ನೆಚ್ಚಿಕೊಂಡ ರೋಗ್ (ಮರೆಯಿಂದ ಎರಗುವ ಚುರುಕು ಹೋರಾಟಗಾರ) ಪಾತ್ರವೊಂದನ್ನು ಕಟ್ಟುವ ನನ್ನ ಕೆಲಸ ಐದನೇ ಲೆವೆಲ್ ಮುಟ್ಟಿದೆ. ನಮ್ಮ ತಂಡವು 2014ರ ನಿಯಮಗಳನ್ನು ಬಿಟ್ಟು 2024ರ ನಿಯಮಗಳಿಗೆ ಬಂದದ್ದರಿಂದ ಪಾತ್ರದ ಹಾಳೆಯನ್ನು ಹೊಸದಾಗಿ ಬರೆದಿದ್ದೇನೆ.

ಹಳೆಯ ನಿಯಮದಲ್ಲಿ ಚೂರಿಯನ್ನು ಒರೆಯಿಂದ ಸೆಳೆಯುವುದೇ ದೊಡ್ಡ ತೊಡಕಾಗಿತ್ತು. ಒಂದು ಸರದಿಯಲ್ಲಿ ಆಕ್ಷನ್ (ಆ ಸರದಿಯ ಮುಖ್ಯ ಕ್ರಿಯೆ) ವ್ಯಯಿಸದೆ ಸೆಳೆಯಬಹುದಾದ ಆಯುಧ ಒಂದೇ ಆದ್ದರಿಂದ, ಎರಡೂ ಕೈಯ ಚೂರಿಗಳನ್ನು ಎಸೆದುಬಿಟ್ಟ ರೋಗ್ ಮರುಸರದಿಯಲ್ಲಿ ಒಂದಕ್ಕೇ ತೃಪ್ತಿಪಡಬೇಕಿತ್ತು. 2020ರಲ್ಲಿ ಬಂದ ಥ್ರೋನ್ ವೆಪನ್ ಫೈಟಿಂಗ್ ಶೈಲಿ ಇದನ್ನು ನೀಗಿಸಿತಾದರೂ ಅದು ಫೈಟರ್ ಮತ್ತು ರೇಂಜರ್ ಎಂಬ ಬೇರೆ ವರ್ಗದ ಪಾತ್ರಗಳ ಪಾಲಾಯಿತು. ಈಗ ಎಸೆಯುವ ಆಯುಧವನ್ನು ದಾಳಿಯ ಅಂಗವಾಗಿಯೇ ಸೆಳೆಯಬಹುದು. ಜೊತೆಗೆ ಚೂರಿಗೆ ಸಿಕ್ಕಿರುವ ನಿಕ್ ಎಂಬ ಪರಿಣತಿಯಿಂದ ಎರಡನೆಯ ಎಸೆತಕ್ಕೆ ಬೋನಸ್ ಆಕ್ಷನ್ (ಮುಖ್ಯ ಕ್ರಿಯೆಯ ಜೊತೆಗಿನ ಹೆಚ್ಚುವರಿ ಚಿಕ್ಕ ಕ್ರಿಯೆ) ಬೇಕಿಲ್ಲವಾಗಿ, ಅದು ಅಡಗಲೋ ಓಡಲೋ ಉಳಿಯುತ್ತದೆ.

ಬರಿಯ ಪೆಟ್ಟಿನ ಲೆಕ್ಕದಲ್ಲಿ ಚೂರಿ ಹಿಂದೆಯೇ ಇದೆ. ನನ್ನ ಪಾತ್ರದ ಡೆಕ್ಸ್ಟೆರಿಟಿ ಮಾಡಿಫೈಯರ್ (ಚುರುಕುತನಕ್ಕಾಗಿ ಪೆಟ್ಟಿಗೆ ಸೇರುವ ಅಂಕ) ನಾಲ್ಕು. ರೋಗ್‌ಗೆ ಸಿಗುವ ಹೆಚ್ಚುವರಿ ಪೆಟ್ಟಾದ ಸ್ನೀಕ್ ಅಟ್ಯಾಕ್‌ನ ಮೂರು ದಾಳಗಳೂ ಸೇರಿದರೆ ಗುರಿಮುಟ್ಟಿದ ಚೂರಿ ಸರಾಸರಿ 17, ಶಾರ್ಟ್‌ಬೋ ಬಾಣ 18 ಕೊಡುತ್ತವೆ. ಆದರೆ ಸ್ನೀಕ್ ಅಟ್ಯಾಕ್ ಸರದಿಗೊಮ್ಮೆ ಮಾತ್ರ ಸಲ್ಲುವುದರಿಂದ, ಮೊದಲ ಎಸೆತ ತಪ್ಪಿದಾಗ ಎರಡನೆಯದು ಅದನ್ನು ಉಳಿಸಿಕೊಳ್ಳುವ ಅವಕಾಶವಾಗುತ್ತದೆ: ಒಂದು ಎಸೆತ ತಾಗುವ ಸಂಭವ ಶೇ. 65 ಇದ್ದರೆ, ಎರಡರಲ್ಲಿ ಒಂದಾದರೂ ತಾಗುವ ಸಂಭವ ಸುಮಾರು ಶೇ. 88. ಚೂರಿಯ ಪರವಾಗಿ ನಾನು ವಾದಿಸುವುದು ಇದೊಂದೇ ಕಾರಣಕ್ಕೆ. ಬೆಲೆಯಾಗಿ ತೆರಬೇಕಾದದ್ದು ದೂರ. 20 ಅಡಿ ದಾಟಿದರೆ ಡಿಸ್‌ಅಡ್ವಾಂಟೇಜ್ (ಎರಡು ಬಾರಿ ದಾಳ ಉರುಳಿಸಿ ಕಡಿಮೆಯದನ್ನೇ ಎಣಿಸುವುದು), 60ರ ಆಚೆಗೆ ಎಸೆತವೇ ಇಲ್ಲ. ಬಿಲ್ಲುಗಾರ ಮಿತ್ರರು ಇದನ್ನು ನೆನಪಿಸದೆ ಬಿಡುವುದಿಲ್ಲ.

ಎಸೆದ ಚೂರಿಗಳ ಲೆಕ್ಕವೂ ತಲೆನೋವೇ. ಕಾದಾಟದ ನಂತರ ಒಂದು ನಿಮಿಷ ಹುಡುಕಿದರೆ ಬಾಣಗಳಲ್ಲಿ ಅರ್ಧದಷ್ಟು ಸಿಗುತ್ತವೆಂಬ ನಿಯಮವಿದೆ. ಆದರೆ ಚೂರಿ ಬಾಣದಂತಲ್ಲದೆ ಸ್ವತಃ ಆಯುಧವಾದ್ದರಿಂದ ಬಿದ್ದಲ್ಲೇ ಬಿದ್ದಿರುತ್ತದೆ. ತಲಾ ಎರಡು ಚಿನ್ನದ ನಾಣ್ಯ, ಒಂದು ಪೌಂಡ್ ತೂಕದಂತೆ ಎಂಟು ಚೂರಿಗಳನ್ನು ಹೊತ್ತಿದ್ದೇನೆ. ಎಸೆದ ಪ್ರತಿಯೊಂದಕ್ಕೂ ನಕ್ಷೆಯ ಮೇಲೆ ಗುರುತಿಗೆ ಬಟನ್ ಒಂದನ್ನು ಇಡುತ್ತಿದ್ದು, ಹಳ್ಳಕ್ಕೋ ನೀರಿಗೋ ಬೀಳದವೆಲ್ಲ ಕಾದಾಟ ಮುಗಿದ ಮೇಲೆ ಕೈಗೆ ಸಿಗಲೆಂದು ಡಿಎಂ (ಆಟ ನಡೆಸುವವರು) ಒಪ್ಪಿದ್ದಾರೆ.

ಇನ್ನುಳಿದಿರುವುದು ಮಂತ್ರಶಕ್ತಿಯ ಚೂರಿಯ ಪ್ರಶ್ನೆ. ದಾಳಿಗೂ ಪೆಟ್ಟಿಗೂ ಒಂದಂಕ ಹೆಚ್ಚು ಕೊಡುವ +1 ಚೂರಿ ತಾನಾಗಿ ಮರಳುವುದಿಲ್ಲವಾದ್ದರಿಂದ ಅದರ ಪ್ರಯೋಜನ ಒಂದು ಎಸೆತಕ್ಕೆ ಮುಗಿಯುತ್ತದೆ. ಕೈಗೆ ಮರಳುವ ಚೂರಿಯೊಂದನ್ನು ಮುಂದಿನ ಊರಿನ ಕಮ್ಮಾರನಿಂದ ಮಾಡಿಸಲು ಏನು ತೆರಬೇಕೆಂದು ಡಿಎಂ ಜೊತೆ ಚರ್ಚೆ ನಡೆಯುತ್ತಿದೆ.