ಮಾವನ ಕಣ್ಣಾಗಿದ್ದ ಸಂಜೆ

"ಮ್ಯಾಚಿಗೆ ಹೋಗ್ತೀಯಾದ್ರೆ ಫೋನಲ್ಲಿ ನನಗೆ ಹೇಳ್ತಾ ಇರಬೇಕು ಕಣೇ" ಅಂದಿದ್ದರು ಮಾವ. ಬೆಂಗಳೂರಿನಲ್ಲಿ ಅವರಿಗೆ ಆಗಷ್ಟೇ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಒಂದು ಕಣ್ಣಿಗೆ ಪಟ್ಟಿ, ಮೇಲೊಂದು ಕಪ್ಪು ಕನ್ನಡಕ. ಟಿವಿ ಮುಂದೆ ಕೂರಬಾರದು ಅಂತ ಡಾಕ್ಟರು ಹೇಳಿದ್ದನ್ನು ಅತ್ತೆ ಚಾಚೂ ತಪ್ಪದೆ ಪಾಲಿಸುತ್ತಿದ್ದರು.

ಅವತ್ತು 2008ರ ಆಗಸ್ಟ್ 13, ಬುಧವಾರ. ನಾನು ದೆಹಲಿಯಲ್ಲಿ ಕೆಲಸಕ್ಕಿದ್ದೆ. ಅರ್ಧ ದಿನ ರಜೆ ಹಾಕಿ, ಹಾಸ್ಟೆಲಿನ ಇಂಫಾಲದ ಗೆಳತಿಯ ಜೊತೆ ಬಸ್ಸು ಹಿಡಿದು ದಿಲ್ಲಿ ಗೇಟ್ ಹತ್ತಿರ ಇಳಿದೆ. ಕೋಟ್ಲಾ ಕ್ರಿಕೆಟ್ ಮೈದಾನದ ಪಕ್ಕದಲ್ಲೇ ಅಂಬೇಡ್ಕರ್ ಸ್ಟೇಡಿಯಂ. ಅಲ್ಲಿ ಎಎಫ್‌ಸಿ ಚಾಲೆಂಜ್ ಕಪ್ ಫುಟ್‌ಬಾಲಿನ ಫೈನಲ್, ಭಾರತಕ್ಕೂ ತಜಿಕಿಸ್ತಾನಕ್ಕೂ. ಅಸಲಿಗೆ ಈ ಫೈನಲ್ ಹೈದರಾಬಾದಿನಲ್ಲಿ ಆಗಬೇಕಿತ್ತು. ಅಲ್ಲಿ ಮಳೆ ಸುರಿದು ಮೈದಾನ ಹಾಳಾಗಿದ್ದರಿಂದ ದೆಹಲಿಗೆ ಬಂತು. ಆ ಮಳೆಯಿಂದಾಗಿ ನನ್ನ ಪಾಲಿಗೆ ಒಂದು ಒಳ್ಳೆಯ ಸಂಜೆ ಸಿಕ್ಕಿತು.

ಪತ್ರಿಕೆಗಳಲ್ಲಿ ಇದರ ಸುದ್ದಿ ಹುಡುಕಬೇಕಿತ್ತು. ಎರಡು ದಿನದ ಹಿಂದಷ್ಟೇ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದ. ಮುಖಪುಟದ ತುಂಬ ಅವನೇ, ಅದು ನ್ಯಾಯವೇ. ಆದರೆ ಮಾವನಿಗೆ ಆ ವಾರ ಬೇರೆ ಯಾವ ಚಿಂತೆಯೂ ಇರಲಿಲ್ಲ. ಗೆದ್ದರೆ ಏಷ್ಯಾದ ದೇಶಗಳ ದೊಡ್ಡ ಫುಟ್‌ಬಾಲ್ ಪಂದ್ಯಾವಳಿಗೆ, 2011ರ ಏಷ್ಯನ್ ಕಪ್‌ಗೆ, ನೇರ ಪ್ರವೇಶ. ಭಾರತ ಅದರಲ್ಲಿ ಕೊನೆಯ ಸಲ ಆಡಿದ್ದು 1984ರಲ್ಲಿ.

ಮಾವ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿದ್ದವರು, ಅದರ ತಂಡದಲ್ಲಿ ರೈಟ್ ಬ್ಯಾಕ್ ಆಡಿದವರು. ಅವರಿಗೆ ಮಕ್ಕಳಿಲ್ಲ. ಹಾಗಾಗಿ ಚಿಕ್ಕಂದಿನಲ್ಲಿ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೆ ಸೈಕಲ್ ಬಾರಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದದ್ದು ನನ್ನನ್ನು. ಕಡಲೆಕಾಯಿ ಪೊಟ್ಟಣ ನನ್ನ ಕೈಗೆ ಕೊಟ್ಟು ಅವರು ಮೈದಾನದೊಳಗೆ ಮುಳುಗಿಬಿಡುತ್ತಿದ್ದರು. ಮನೆಗೆ ಬರುವ ದಾರಿಯುದ್ದಕ್ಕೂ ಹಳೆಯ ಕಥೆಗಳು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಗೋಲು ಹೊಡೆದ ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು ಅದು. ಎರಡು ಪೆನಾಲ್ಟಿ ಕೈತಪ್ಪಿ 2-1ರಲ್ಲಿ ಸೋತೆವು ಅನ್ನುವಾಗ, ತಾವು ಹುಟ್ಟಿದ ಹೊಸತರಲ್ಲಿ ನಡೆದ ಆ ಸೋಲಿಗೆ ಮಾವನ ದನಿ ಬಿದ್ದುಹೋಗುತ್ತಿತ್ತು. ಆಮೇಲೆ ಅಹ್ಮದ್ ಖಾನ್, ಕೆಂಪಯ್ಯ, ಅರುಮೈನಾಯಗಂ. ಎಲ್ಲರೂ ಬೆಂಗಳೂರಿನ ಬೀದಿಗಳಿಂದ ಭಾರತ ತಂಡಕ್ಕೆ ಹೋದವರು.

ಹೀಗೆ ಬೆಳೆದ ಮನುಷ್ಯನಿಗೆ ಈ ಪಂದ್ಯಾವಳಿಯ ಹಣೆಪಟ್ಟಿಯೇ ನೋವು. ಏಷ್ಯಾದ ಫುಟ್‌ಬಾಲ್ ಒಕ್ಕೂಟ ಇನ್ನೂ ಮೇಲೆ ಬರಬೇಕಾದ ತಂಡಗಳಿಗೆ ಅಂತ 2006ರಲ್ಲಿ ಶುರು ಮಾಡಿದ್ದು ಇದು. ಜಪಾನ್, ದಕ್ಷಿಣ ಕೊರಿಯಾ, ಇರಾನ್ ಇದರಲ್ಲಿಲ್ಲ. ಆ ಸಲ ಇದ್ದ ಎಂಟು ತಂಡಗಳೆಂದರೆ ನಾವು, ತಜಿಕಿಸ್ತಾನ, ತುರ್ಕಮೆನಿಸ್ತಾನ, ಅಫ್ಘಾನಿಸ್ತಾನ, ಉತ್ತರ ಕೊರಿಯಾ, ಮ್ಯಾನ್ಮಾರ್, ನೇಪಾಳ, ಶ್ರೀಲಂಕಾ.

"ಐವತ್ತಾರರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಜಾಗಕ್ಕೆ ಬಂದೋರು ನಾವು. ಏಷ್ಯನ್ ಗೇಮ್ಸ್‌ನಲ್ಲಿ ಎರಡು ಸಲ ಚಿನ್ನ. ಈಗ ನೋಡು, ಮೇಲೆ ಬರ್ತಿರೋ ದೇಶ ಅಂತೆ ಪುಟ್ಟಿ, ಮೇಲೆ ಬರ್ತಿರೋ ದೇಶ!" ಅಂದಿದ್ದರು ಹಿಂದಿನ ರಾತ್ರಿ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರ್ಲಿ, ಗೆಲ್ಲಬೇಕು ಅಷ್ಟೆ" ಅಂದರು.

ಒಳಗೆ ಹೋದಾಗ ಸೆಕೆ ಹೇಗಿತ್ತೆಂದರೆ ಕುರ್ತಾ ಬೆನ್ನಿಗೆ ಅಂಟಿಕೊಂಡಿತ್ತು. ಗೆಳತಿ ಸುಟ್ಟ ಜೋಳದ ತೆನೆ ಎರಡು ಹಿಡಿದು ತಂದಳು. ನಮ್ಮ ಸುತ್ತ ಈಶಾನ್ಯದ ಹುಡುಗರ ದೊಡ್ಡ ಗುಂಪು, ಹಿಂದಿನ ಸಾಲಿನಲ್ಲಿ ಶಾಲೆಯ ಯೂನಿಫಾರ್ಮಿನಲ್ಲೇ ಬಂದ ಮಕ್ಕಳು. ರಾಷ್ಟ್ರಗೀತೆ ಮುಗಿದ ಕೂಡಲೇ ಫೋನು ಬಂತು.

"ಹೇಳು."

"ಶುರುವಾಯ್ತು ಮಾವ. ಬಾಲ್ ನಮ್ಮೋರ ಹತ್ರ ಇದೆ."

"ಯಾರ ಹತ್ರ? ಯಾವ ಕಡೆ? ಅವರ ಬ್ಯಾಕ್‌ಗಳು ಎಷ್ಟು ಮುಂದೆ ನಿಂತಿದ್ದಾರೆ?"

ನನ್ನ ಹತ್ತಿರ ಉತ್ತರವಿರಲಿಲ್ಲ. ಅಲ್ಲಿಯವರೆಗೆ ನಾನು ಫುಟ್‌ಬಾಲ್ ನೋಡಿದ್ದು ಅಂದರೆ ಬಾಲ್ ಹಿಂದೆ ಕಣ್ಣು ಓಡಿಸಿದ್ದು. ಮಾವನಿಗೆ ಬೇಕಾಗಿದ್ದು ಬಾಲ್ ಇಲ್ಲದ ಕಡೆಯ ಸುದ್ದಿ. ಒಂದು ಕಿವಿಗೆ ಫೋನು ಒತ್ತಿ, ಇನ್ನೊಂದು ಕಿವಿಯನ್ನು ಅಂಗೈಯಲ್ಲಿ ಮುಚ್ಚಿ, ಮೈದಾನವನ್ನು ಮೊದಲ ಸಲ ಅಗಲಕ್ಕೆ ನೋಡಿದೆ. ಸ್ಟೀವನ್ ಡಯಾಸ್ ಬಾಲ್ ಬರುವ ಮೊದಲೇ ಬದಿಯ ಗೆರೆಗೆ ಸರಿಯುತ್ತಿದ್ದದ್ದು ಕಂಡಿತು. ನಮ್ಮ ಡಿಫೆನ್ಸಿನಲ್ಲಿ ಮಹೇಶ್ ಗಾವ್ಲಿ, ಗೌರಮಾಂಗಿ ಸಿಂಗ್ ಒಬ್ಬರಿಗೊಬ್ಬರು ಕೈ ತೋರಿಸಿ ಮಾತಾಡುತ್ತಿದ್ದರು. ಗೌರಮಾಂಗಿ ಬಾಲ್ ಮುಟ್ಟಿದಾಗಲೆಲ್ಲ ಗೆಳತಿ ನನ್ನ ಮೊಣಕೈ ಹಿಂಡುತ್ತಿದ್ದಳು, ಅವಳ ಊರಿನ ಕಡೆಯವನಲ್ಲವೇ! ಕಂಡದ್ದನ್ನೆಲ್ಲ ಹೇಳುತ್ತಾ ಹೋದೆ. ಮಾವ ಆ ಕಡೆಯಿಂದ "ಹ್ಞೂಂ, ಹ್ಞೂಂ" ಅನ್ನುತ್ತಿದ್ದರು. ಹಿಂದೆಲ್ಲ ಟ್ರಾನ್ಸಿಸ್ಟರ್ ಕಿವಿಗೆ ಹಿಡಿದು ಅನ್ನುತ್ತಿದ್ದ ಹಾಗೇ.

ಒಂಬತ್ತನೇ ನಿಮಿಷಕ್ಕೆ ಗೋಲು. ಸುನಿಲ್ ಛೇತ್ರಿ.

ಹತ್ತು ದಿನದ ಹಿಂದಷ್ಟೇ ಇಪ್ಪತ್ನಾಲ್ಕು ತುಂಬಿದ್ದ ಹುಡುಗ. ನಾಯಕ ಬೈಚುಂಗ್ ಭುಟಿಯಾ ಅವತ್ತಿಗೆ ದೊಡ್ಡ ಹೆಸರು. ಛೇತ್ರಿ ಅವನ ಪಕ್ಕದಲ್ಲಿ ಓಡುವ ಹುಡುಗ. ಸ್ವಲ್ಪ ಹೊತ್ತಿಗೆ ಭುಟಿಯಾನದೇ ಒಂದು ಗೋಲು, ಅದರ ಬೆನ್ನಿಗೇ ಛೇತ್ರಿಯ ಎರಡನೆಯದು. ಇಪ್ಪತ್ತೈದು ನಿಮಿಷ ಆಗುವ ಮೊದಲೇ 3-0. ಹಿಂದಿನ ಸಾಲಿನ ಮಕ್ಕಳು ನೀರಿನ ಬಾಟಲಿ ಬಡಿದು ಕುಣಿಯುತ್ತಿದ್ದರು. ಫೋನಿನಲ್ಲಿ ಮಾವ ಅತ್ತೆಗೆ ಕೂಗಿ ಹೇಳುವುದು ಕೇಳಿಸಿತು: "ಮೂರು! ಲೇ, ಮೂರು!" ಅಳುತ್ತಿದ್ದಾರೇನೋ ಅನ್ನಿಸಿ ನನಗೆ ಗಾಬರಿಯಾಯಿತು, ಕಣ್ಣಿಗೆ ಆಪರೇಷನ್ ಆಗಿದೆಯಲ್ಲ.

ತಜಿಕಿಸ್ತಾನದವರ ಬಗ್ಗೆ ಹೇಳಲೇಬೇಕು. 2006ರಲ್ಲಿ ಈ ಕಪ್ಪಿನ ಮೊದಲ ಚಾಂಪಿಯನ್ನರು ಅವರೇ. ಈ ಸಲವೂ ಸೆಮಿಫೈನಲಿನಲ್ಲಿ ಉತ್ತರ ಕೊರಿಯಾವನ್ನು ಸೋಲಿಸಿ ಬಂದಿದ್ದರು. ಗುಂಪಿನ ಪಂದ್ಯದಲ್ಲಿ ನಮ್ಮ ಜೊತೆ 1-1 ಸಮ. ಬೇರೆಯವರ ಊರಿನಲ್ಲಿ, ಸುತ್ತ ಒಂದೇ ಒಂದು ತಮ್ಮ ಕಡೆಯ ದನಿಯಿಲ್ಲದೆ, ಮೂರು ಗೋಲು ಹಿಂದೆ ಬಿದ್ದೂ ಅವರು ಕೈಚೆಲ್ಲಲಿಲ್ಲ. ವಿರಾಮಕ್ಕೆ ಮುಂಚೆ ಒಂದು ಗೋಲು ವಾಪಸ್ ಕೊಟ್ಟರು. ಇಡೀ ಸ್ಟೇಡಿಯಂ ತಣ್ಣಗಾಯಿತು. ಮಾವನಿಗೆ ಹೇಳಿದೆ. "ಒಳ್ಳೆ ಟೀಮು ಕಣೇ" ಅಂದರು. ಅದಾದ ಮೇಲೆ ಪಂದ್ಯಾವಳಿಯ ಹಣೆಪಟ್ಟಿಯ ಮಾತು ಅವರ ಬಾಯಲ್ಲಿ ಬರಲೇ ಇಲ್ಲ.

ನನಗೆ ಈಗಲೂ ಬಲವಾಗಿ ಅನ್ನಿಸುವುದು ಇದೇ. ಚಿಕ್ಕ ಕಪ್ಪು, ದುರ್ಬಲರ ಕಪ್ಪು ಅಂತ ಮೂಗು ಮುರಿದವರು ಬಹಳ. ದೊಡ್ಡ ತಂಡದ ಕೈಲಿ ಐದೋ ಆರೋ ಗೋಲು ತಿಂದು ಬರುವುದರಲ್ಲಿ ಆಟಗಾರ ಏನು ಕಲಿತಾನು? ಸಮಬಲದ ಎದುರಾಳಿ ಬೇಕು, ಸೋತರೆ ಕಳೆದುಕೊಳ್ಳುವುದಕ್ಕೆ ಏನಾದರೂ ಇರಬೇಕು. ಆ ಕಪ್ಪು ಕೊಟ್ಟಿದ್ದು ಅದನ್ನೇ. 2014ರಲ್ಲಿ ಮಾಲ್ಡೀವ್ಸ್‌ನಲ್ಲಿ ಪ್ಯಾಲೆಸ್ಟೀನ್ ಫಿಲಿಪ್ಪೀನ್ಸ್ ತಂಡವನ್ನು 1-0ಯಿಂದ ಸೋಲಿಸಿ ಇದನ್ನೇ ಗೆದ್ದು, ಮೊದಲ ಸಲ ಏಷ್ಯನ್ ಕಪ್‌ಗೆ ಹೋಯಿತು. ಆ ಬಾಗಿಲು ಇಲ್ಲದಿದ್ದರೆ ಅವರು ಇನ್ನೆಷ್ಟು ವರ್ಷ ಕಾಯಬೇಕಿತ್ತೋ. ಮುಂದೆ ಏಷ್ಯನ್ ಕಪ್ ಅನ್ನೇ 24 ತಂಡಗಳಿಗೆ ಹಿಗ್ಗಿಸಿದ್ದರಿಂದ ಚಾಲೆಂಜ್ ಕಪ್ ನಿಂತಿತು. ಅವತ್ತು ನನ್ನ ಕಣ್ಣೆದುರು ಸೋತ ತಜಿಕಿಸ್ತಾನ, 2024ರ ಜನವರಿ-ಫೆಬ್ರುವರಿಯಲ್ಲಿ ಕತಾರ್‌ನಲ್ಲಿ ನಡೆದ ಏಷ್ಯನ್ ಕಪ್‌ನಲ್ಲಿ ಮೊದಲ ಸಲ ಆಡಿ ಕ್ವಾರ್ಟರ್ ಫೈನಲ್ ಮುಟ್ಟಿತು. ಅದೇ ಪಂದ್ಯಾವಳಿಯಲ್ಲಿ ನಾವು ಮೂರೂ ಪಂದ್ಯ ಸೋತೆವು, ಒಂದು ಗೋಲೂ ಹೊಡೆಯದೆ. ಅವರು ಎಲ್ಲಿದ್ದರು, ನಾವು ಎಲ್ಲಿದ್ದೆವು ಅನ್ನುವುದನ್ನು ಕಣ್ಣಾರೆ ನೋಡಿದ್ದ ನನಗೆ ಅದು ಬಹಳ ಸಂಕಟ ಕೊಟ್ಟಿತು.

ಆ ಸಂಜೆಗೆ ವಾಪಸ್ ಬರುತ್ತೇನೆ. ಎಪ್ಪತ್ತನೇ ನಿಮಿಷದ ಹೊತ್ತಿಗೆ ಫೋನು ಎರಡು ಸಲ ಕುಂಯ್‌ಗುಟ್ಟಿ ಸತ್ತಿತು. ಬ್ಯಾಟರಿ ಖಾಲಿ. ಗೆಳತಿ ತನ್ನ ಫೋನು ಕೊಟ್ಟಳು. ಆದರೆ ಮಾವನ ನಂಬರು ಸತ್ತ ಫೋನಿನೊಳಗಿತ್ತು, ನನ್ನ ತಲೆಯಲ್ಲಿ ಇರಲಿಲ್ಲ. 3-1. ಬೆಂಗಳೂರಿನಲ್ಲಿ ಒಬ್ಬರು ಕಪ್ಪು ಕನ್ನಡಕ ಹಾಕಿಕೊಂಡು ಕತ್ತಲಲ್ಲಿ ಕೂತಿದ್ದಾರೆ, ನಾನಿಲ್ಲಿ ಬಾಯಿ ಕಟ್ಟಿದವಳ ಹಾಗೆ ನಿಂತಿದ್ದೇನೆ.

ಎಪ್ಪತ್ತೈದನೇ ನಿಮಿಷಕ್ಕೆ ಛೇತ್ರಿ ಮೂರನೆಯದನ್ನು ಹೊಡೆದ. ಹ್ಯಾಟ್ರಿಕ್. 4-1. ಎಲ್ಲರ ಜೊತೆ ನಾನೂ ಹಾರಿದೆ, ಗೆಳತಿಯನ್ನು ತಬ್ಬಿಕೊಂಡೆ. ಪಂದ್ಯ ಮುಗಿದು ಕಪ್ಪು ಎತ್ತಿದಾಗ ನನ್ನ ಗಂಟಲು ಕಟ್ಟಿತ್ತು. ಇಪ್ಪತ್ತೇಳು ವರ್ಷಗಳ ಮೇಲೆ ಏಷ್ಯನ್ ಕಪ್.

ಹಾಸ್ಟೆಲಿಗೆ ಬಂದು ಚಾರ್ಜರ್ ಚುಚ್ಚಿ ಫೋನು ಮಾಡುವ ಹೊತ್ತಿಗೆ ರಾತ್ರಿಯಾಗಿತ್ತು. ಅತ್ತೆ ಎತ್ತಿದರು. "ಊಟಕ್ಕೆ ಏಳ್ತಿಲ್ಲ ಕಣಮ್ಮಾ, ನಿನ್ನ ಫೋನು ಬರ್ಲಿ ಅಂತ ಕೂತಿದ್ದಾರೆ." ಮಾವ ಫಲಿತಾಂಶ ಕೇಳಿ ದೀರ್ಘವಾಗಿ ಉಸಿರು ಬಿಟ್ಟರು. ಆಮೇಲೆ ಕೇಳಿದರು: "ಆ ಮೂರನೇ ಗೋಲು ಹೊಡೆಯೋಕೆ ಮುಂಚೆ ಛೇತ್ರಿ ಎಲ್ಲಿದ್ದ?"

ನನಗೆ ಹೇಳಲಾಗಲಿಲ್ಲ. ಮೊದಲೆರಡು ಗೋಲು ಈಗಲೂ ಕಣ್ಣಿಗೆ ಕಟ್ಟಿದ ಹಾಗಿವೆ. ಮೂರನೆಯದರ ಹೊತ್ತಿಗೆ ಯಾರಿಗೂ ಹೇಳಬೇಕಾಗಿರಲಿಲ್ಲವಲ್ಲ, ನನ್ನ ಕಣ್ಣು ಮತ್ತೆ ಬಾಲ್ ಹಿಂದೆ ಓಡಿತ್ತು.

2013ರಲ್ಲಿ ಬೆಂಗಳೂರಿಗೆ ಹೊಸ ಕ್ಲಬ್ ಬಂತು, ಅದಕ್ಕೆ ಆಡಲು ಛೇತ್ರಿಯೂ ಬಂದ. ಮೊದಲ ವರ್ಷದ ಪಂದ್ಯಗಳು ಅದೇ ಅಶೋಕನಗರದ ಸ್ಟೇಡಿಯಂನಲ್ಲಿ. ರಜೆಗೆ ಊರಿಗೆ ಬಂದಿದ್ದ ನನ್ನನ್ನು ಮಾವ ಆಟೋದಲ್ಲಿ ಕರೆದುಕೊಂಡು ಹೋದರು. ಕಣ್ಣು ಈಗ ಚೆನ್ನಾಗಿತ್ತು. ಕಡಲೆಕಾಯಿ ಪೊಟ್ಟಣ ಅಭ್ಯಾಸಬಲದಿಂದ ನನ್ನ ಕೈಗೇ ಕೊಟ್ಟರು. ಬಾಲ್ ಎಲ್ಲೋ ಆ ಬದಿಯಲ್ಲಿತ್ತು, ಜನ ಅತ್ತ ನೋಡುತ್ತಿದ್ದರು. ಮಾವ ನನ್ನ ಗಲ್ಲ ಹಿಡಿದು ಮುಖವನ್ನು ಮೆಲ್ಲಗೆ ಈ ಕಡೆ ತಿರುಗಿಸಿದರು. ಬಾಕ್ಸಿನ ಅಂಚಿನಲ್ಲಿ ಛೇತ್ರಿ, ಡಿಫೆಂಡರಿನ ಬೆನ್ನ ಹಿಂದೆ, ಅವನಿಗೆ ಕಾಣದ ಹಾಗೆ ಎರಡೇ ಹೆಜ್ಜೆ ಪಕ್ಕಕ್ಕೆ ಸರಿದ.

"ನೋಡಿದ್ಯಾ?"

"ನೋಡಿದೆ ಮಾವ."